ಜಪಾನಿ ಕಲಿಯುವಾಗ ಕನ್ನಡವನ್ನು ಪಕ್ಕಕ್ಕಿಡಬೇಡಿ

ಟೋಕಿಯೋದ ನಿಶಿ-ಕಸಾಯ್‌ಗೆ ಬಂದು ಒಂದೂವರೆ ವರ್ಷ ಆಯಿತು. ನಮ್ಮನೆಯವರ ಕೆಲಸದ ಸಲುವಾಗಿ ಬಂದೆವು. ಇಲ್ಲಿ ಭಾರತದವರು ಬೇಕಾದಷ್ಟು ಜನ ಇದ್ದಾರೆ. ತೊಗರಿಬೇಳೆ, ಹುಣಸೆಹಣ್ಣು ಎಲ್ಲ ಸಿಗುತ್ತದೆ. ಜಪಾನಿ ಬರದಿದ್ದರೂ ದಿನ ದೂಡಬಹುದು. ಆದರೆ ಮಗನ ಶಾಲೆಯಿಂದ ಬರುವ ಚೀಟಿ ಓದೋಕೆ, ಕೆಳಗಿನ ಮನೆಯ ಅಜ್ಜಿ ಹತ್ತಿರ ನಾಲ್ಕು ಮಾತಾಡೋಕೆ ಭಾಷೆ ಬೇಕೇ ಬೇಕು. ಹಾಗಾಗಿ ವಾರಕ್ಕೊಮ್ಮೆ ಸ್ವಯಂಸೇವಕರು ನಡೆಸುವ ಪಾಠಕ್ಕೆ ಹೋಗುತ್ತಿದ್ದೇನೆ. ನನಗೆ ಕಲಿಸುವವರಿಗೆ ಎಪ್ಪತ್ತು ದಾಟಿದೆ. ನಾನು ಅವರನ್ನು ಸೆನ್ಸೇ ಅನ್ನುತ್ತೇನೆ, ಅಂದರೆ ಟೀಚರ್.

ಮೊದಲ ನಾಲ್ಕು ತಿಂಗಳು ಇಂಗ್ಲಿಷ್ ಪುಸ್ತಕ ಇಟ್ಟುಕೊಂಡು ಓದಿದೆ. ಒಂದು ವಾಕ್ಯವೂ ನಾಲಿಗೆಗೆ ಹತ್ತಲಿಲ್ಲ. ತಲೆಯಲ್ಲಿ ಮೊದಲು ಇಂಗ್ಲಿಷ್ ವಾಕ್ಯ ಕಟ್ಟಬೇಕು, ಆಮೇಲೆ ಅದನ್ನು ಹಿಂದುಮುಂದು ಮಾಡಬೇಕು. ಒಂದು ದಿನ ‘ತಾಬೆತೆ ಮಿರು’ ಅನ್ನೋದು ಬಂತು. ‘ತಾಬೆತೆ’ ಅಂದರೆ ತಿಂದು. ‘ಮಿರು’ ಅಂದರೆ ನೋಡು. ತಿಂದು ನೋಡು! ಇದನ್ನು ವಿವರಿಸೋಕೆ ಆ ಪುಸ್ತಕ ಅರ್ಧ ಪುಟ ತೆಗೆದುಕೊಂಡಿತ್ತು. ಮನೆಯಲ್ಲಿ ದಿನಾ ‘ಸಾರಿಗೆ ಉಪ್ಪು ಸಾಕಾ, ರುಚಿ ನೋಡು’ ಅನ್ನುವವಳಿಗೆ ಆ ಅರ್ಧ ಪುಟ ಯಾಕೆ ಬೇಕು?

ಅವತ್ತಿನಿಂದ ಇಂಗ್ಲಿಷ್ ಮುಚ್ಚಿಟ್ಟು ಕನ್ನಡದಲ್ಲೇ ನೋಟ್ಸ್ ಬರೆಯೋಕೆ ಶುರು ಮಾಡಿದೆ. ‘ಕಾಯಿತೆ ಒಕು’: ಬರೆದಿಡು. ‘ತಾಬೆತೆ ಶಿಮಾವು’: ತಿಂದುಬಿಡು. ‘ಬರ್ತೀನಿ ಅಂತ ಹೇಳಿದ’ ಅನ್ನುವಾಗ ನಮ್ಮ ‘ಅಂತ’ ಎಲ್ಲಿ ಕೂರುತ್ತದೋ ಅಲ್ಲೇ ಅವರ ‘ತೊ’ ಕೂರುತ್ತದೆ. ಅಣ್ಣ ಅಂದರೆ ‘ಅನಿ’, ತಮ್ಮ ‘ಒತೊತೊ’, ಅಕ್ಕ ‘ಅನೆ’, ತಂಗಿ ‘ಇಮೊತೊ’. ದೊಡ್ಡವರೋ ಚಿಕ್ಕವರೋ ಅಂತ ಮೊದಲೇ ಗೊತ್ತಾಗಿಬಿಡಬೇಕು, ನಮ್ಮ ಹಾಗೇ. ಎರಡು ಭಾಷೆಗೂ ರಕ್ತಸಂಬಂಧ ಇದೆ ಅಂತ ನಾನು ಹೇಳುತ್ತಿಲ್ಲ. ಆದರೆ ನಮ್ಮವರು ಜಪಾನಿ ಕಲಿಯುವಾಗ ಇಂಗ್ಲಿಷಿನ ಬಾಗಿಲಿನಿಂದ ಒಳಗೆ ಹೋಗುವುದು ಸುಮ್ನೆ ಸುತ್ತು ದಾರಿ.

ಕಳೆದ ಆಗಸ್ಟ್ ಕೊನೆಗೆ ನಮ್ಮತ್ತೆ ತೀರ್ಥಹಳ್ಳಿಯಿಂದ ಬಂದರು. ಗದ್ದೆ ಕೆಲಸದಲ್ಲೇ ಜೀವನ ಕಳೆದವರು. ಅವರನ್ನು ಒಂದು ಭಾನುವಾರ ರೈಲಿನಲ್ಲಿ ಚೀಬಾ ಕಡೆ ಕರೆದುಕೊಂಡು ಹೋದೆವು. ಕಿಟಕಿಯಾಚೆ ಪೈರು ಹಳದಿಯಾಗಿ ಬಾಗಿ ನಿಂತಿತ್ತು. ಅತ್ತೆ ಕಿಟಕಿಗೆ ಮುಖ ಒತ್ತಿಕೊಂಡೇ ಕೇಳಿದರು, "ಇವರು ಇದಕ್ಕೆ ಏನಂತಾರೆ?" ಹೊಲದಲ್ಲಿದ್ದರೆ ‘ಇನೆ’ ಅಂದೆ. ಕಾಳಿಗೆ ಸಿಪ್ಪೆ ಇದ್ದಾಗ ‘ಮೊಮಿ’, ಸಿಪ್ಪೆ ತೆಗೆದರೆ ‘ಕೊಮೆ’, ಬೇಯಿಸಿದರೆ ‘ಗೊಹಾನ್’. ಪೈರು, ಭತ್ತ, ಅಕ್ಕಿ, ಅನ್ನ. ಅತ್ತೆ ತಲೆಯಾಡಿಸಿ, "ಅಷ್ಟೂ ಬೇಕಲ್ವಾ ಮತ್ತೆ" ಅಂದರು. ಬೆಳಗಿನ ತಿಂಡಿ, ರಾತ್ರಿ ಊಟ ಎಲ್ಲದಕ್ಕೂ ‘ಗೊಹಾನ್’ ಸೇರಿಸಿಯೇ ಹೇಳುತ್ತಾರೆ ಅಂದಾಗ ಅವರಿಗೆ ಇನ್ನೂ ಖುಷಿ. ನನ್ನ ಇಂಗ್ಲಿಷ್ ಪುಸ್ತಕದಲ್ಲಿ ಇದಕ್ಕೆಲ್ಲ ಇದ್ದದ್ದು ಒಂದೇ ಪದ, ರೈಸ್.

ಇನ್ನು ಗೌರವದ ಮಾತು. ಜಪಾನಿ ಅಂದ ಕೂಡಲೇ ಎಲ್ಲರೂ ಹೆದರುವುದು ಇದಕ್ಕೇ. ನಮಗೆ ಹೆದರಿಕೆ ಬೇಡ. ‘ನೀನು–ನೀವು’, ‘ಬಾ–ಬನ್ನಿ’ ಕಲಿತು ಬೆಳೆದವರು ನಾವು. ಹೆಸರಿನ ಕೊನೆಗೆ ‘ಸಾನ್’ ಹಚ್ಚಿದರೆ ಸುಮಾರು ಎಲ್ಲ ಕಡೆ ನಡೆಯುತ್ತದೆ. ಗಿರಾಕಿಗೆ, ದೇವರಿಗೆ, ಕಾಗದದ ವಿಳಾಸಕ್ಕೆ ‘ಸಮ’. ಮಕ್ಕಳ ಬಾಯಲ್ಲಿ ಚಂದ್ರ ಕೂಡ ‘ಒತ್ಸುಕಿ-ಸಮ’, ನಮ್ಮ ಚಂದಮಾಮನ ಹಾಗೆ. ಪುಟ್ಟ ಮಕ್ಕಳಿಗೆ ‘ಚಾನ್’. ಹುಡುಗರಿಗೆ, ಕೈಕೆಳಗಿನವರಿಗೆ ‘ಕುನ್’. ಇದೇ ‘ಕುನ್’ ಸಂಸತ್ತಿನಲ್ಲೂ ಇದೆ. ಕೆಳಮನೆಯ ಸ್ಪೀಕರ್ ಸದಸ್ಯರನ್ನು ಹಾಗೆ ಕರೆಯುವುದು ರೂಢಿ. 1993ರಲ್ಲಿ ದೊಯಿ ತಕಾಕೊ ಮೊದಲ ಮಹಿಳಾ ಸ್ಪೀಕರ್ ಆದರು. ಅವರು ‘ಸಾನ್’ ಅಂತ ಕರೆದರು. ಒಂದಕ್ಷರ ಬದಲಾದದ್ದು ಅಂತ ನನಗೆ ಅನ್ನಿಸಲ್ಲ, ಎಷ್ಟು ಧೈರ್ಯ ಬೇಕು ಅದಕ್ಕೆ!

‘ನೀವು’ ಅನ್ನೋಕೆ ‘ಅನಾತಾ’ ಅಂತ ಪುಸ್ತಕದಲ್ಲಿ ಇರುತ್ತದೆ. ಅದನ್ನು ನಂಬಬೇಡಿ. ದೊಡ್ಡವರಿಗೆ ಅದನ್ನು ಅಂದರೆ ಒರಟಾಗಿ ಕೇಳಿಸುತ್ತದೆ. ಹೆಸರಿಗೆ ಸಾನ್ ಸೇರಿಸಿ, ಇಲ್ಲಾ ಸೆನ್ಸೇ ಅನ್ನಿ. ನಮ್ಮೂರಲ್ಲೂ ‘ಮೇಷ್ಟ್ರು ಕಾಫಿ ಕುಡೀತಾರಾ?’ ಅಂತ ಎದುರಿಗೇ ಕೇಳುವುದಿಲ್ವಾ, ಹಾಗೆ. ಆದರೆ ಹೆಂಡತಿ ಗಂಡನನ್ನು ‘ಅನಾತಾ’ ಅಂತ ಕರೆಯಬಹುದು. ಅದು ನಮ್ಮ ‘ರೀ’. ಗಂಡನಿಗೆ ‘ಶುಜಿನ್’ ಅನ್ನುವ ಪದವೂ ಇದೆ, ಅಕ್ಷರಶಃ ಯಜಮಾನರು. ಅದು ಬೇಡ ಅಂತ ಬರೀ ‘ಒತ್ತೊ’ ಅನ್ನುವ ಹೆಂಗಸರೂ ಇದ್ದಾರೆ.

ನನಗೆ ನಿಜಕ್ಕೂ ಕಷ್ಟ ಆದದ್ದು ಬೇರೆ ಕಡೆ. ಪಾಠದಲ್ಲಿ ಒಂದು ದಿನ ನಮ್ಮಮ್ಮನ ಬಗ್ಗೆ ಹೇಳುತ್ತಾ ‘ಒಕಾಸಾನ್’ ಅಂದೆ. ಸೆನ್ಸೇ ಮೆಲ್ಲಗೆ, ‘ಹಹ’ ಅನ್ನಬೇಕು ಅಂದರು. ಮನೆಯೊಳಗೆ ಅಮ್ಮನನ್ನು ಕರೆಯುವಾಗ ಒಕಾಸಾನ್. ಹೊರಗಿನವರ ಎದುರು ನಮ್ಮ ಅಮ್ಮ ಬರೀ ‘ಹಹ’. ಅಪ್ಪ ‘ಚಿಚಿ’. ಸಾನ್ ಇಲ್ಲ, ಏನೂ ಇಲ್ಲ. ಆಫೀಸಿನಲ್ಲೂ ಇದೇ ಅಂತೆ. ಹೊರಗಿನವರು ಫೋನ್ ಮಾಡಿ ‘ಸಾತೊ-ಸಾನ್ ಇದ್ದಾರಾ?’ ಅಂದರೆ, ಆ ಸಾತೊ ತನ್ನ ದೊಡ್ಡ ಬಾಸ್ ಆಗಿದ್ದರೂ ‘ಸಾತೊ ಈಗ ಸೀಟಿನಲ್ಲಿಲ್ಲ’ ಅನ್ನಬೇಕು.

ಇದು ನನಗೆ ಒಗ್ಗಲಿಲ್ಲ. ನಮ್ಮಲ್ಲಿ ಕೇಳುವವರು ಯಾರೇ ಇರಲಿ, ಮಾವ ಬಂದರು ಅಂತಲೇ ಹೇಳುತ್ತೇವೆ. ‘ಮಾವ ಬಂದ’ ಅಂದರೆ ಬಾಯಿಗೇ ಕಹಿ. ಹಾಗಿರುವಾಗ ಅತ್ತೆಯನ್ನು ಸೆನ್ಸೇಗೆ ಪರಿಚಯ ಮಾಡಿಸುವ ದಿನ ಬಂತು. ಸೆನ್ಸೇ ಮನೆ ಹತ್ತಿರದ ಪಾರ್ಕಿನಲ್ಲಿ ಸಿಕ್ಕರು. ನಾನು ತಡವರಿಸಿ, "ಶುಜಿನ್ ನೊ ಹಹ ದೆಸು" ಅಂದೆ. ನಮ್ಮನೆಯವರ ತಾಯಿ ಅಂತ, ಯಾವ ಗೌರವವೂ ಇಲ್ಲದ ಪದದಲ್ಲಿ. ಅತ್ತೆಗೆ ಅರ್ಥ ಆಗಲ್ಲ ಅಂತ ಗೊತ್ತಿದ್ದರೂ ಎದೆ ಹೊಡೆದುಕೊಳ್ಳುತ್ತಿತ್ತು.

ಸೆನ್ಸೇ ಕೈಯಲ್ಲಿದ್ದ ಚೀಲ ಬೆಂಚಿನ ಮೇಲಿಟ್ಟರು. ಎರಡೂ ಕೈ ಮುಂದೆ ಜೋಡಿಸಿ ಸೊಂಟದಿಂದ ಬಾಗಿದರು. "ಒಕಾಸಮ" ಅಂದರು. ಸಾನ್ ಕೂಡ ಅಲ್ಲ, ಸಮ! ನಾನು ಇಳಿಸಿಟ್ಟ ಪದವನ್ನು ಅವರು ಎತ್ತಿ ತಲೆ ಮೇಲಿಟ್ಟುಕೊಂಡರು. ನನ್ನವರನ್ನು ನಾನು ಹೊಗಳಬಾರದು, ಎದುರಿನವರು ಮೇಲೆತ್ತಲಿ ಅಂತ ಜಾಗ ಬಿಡಬೇಕು. ಆಗಲೇ ನನಗೆ ಇದು ಹೊಳೆದದ್ದು. ಎಷ್ಟು ಪಟ್ಟಿ ಬಾಯಿಪಾಠ ಮಾಡಿದ್ದರೂ ಇದು ಗೊತ್ತಾಗುತ್ತಿರಲಿಲ್ಲ.

ಅತ್ತೆಯೂ ಕೈ ಮುಗಿದರು. ಆಮೇಲೆ ನನ್ನ ಕಡೆ ತಿರುಗಿ, "ಅವರದ್ದು ಊಟ ಆಯ್ತಾ ಕೇಳು" ಅಂದರು. ದೊಡ್ಡವರನ್ನು ಕೇಳುವಾಗ ಬರೀ ‘ಗೊಹಾನ್’ ಸಾಲದು. ನೆನಪು ಮಾಡಿಕೊಂಡು, "ಒಶೊಕುಜಿ ವಾ ಒಸುಮಿ ದೆಸು ಕಾ" ಅಂದೆ. ಸೆನ್ಸೇ ಮುಖ ಅರಳಿತು.

"ಹಾಯ್, ಇತಾದಾಕಿಮಾಶಿತಾ."

ಹೌದು, ಆಯಿತು ಅಂತ ಅರ್ಥ. ‘ಇತಾದಾಕು’ ಅಂದರೆ ಮೂಲದಲ್ಲಿ ತಲೆ ಮೇಲೆ ಇಟ್ಟುಕೊಳ್ಳುವುದು. ಕೊಟ್ಟದ್ದನ್ನು ತಲೆಗೆ ಮುಟ್ಟಿಸಿ ತೆಗೆದುಕೊಂಡು ತಿಂದೆ ಅನ್ನುವ ಮಾತು. ಅತ್ತೆಗೆ ಅದನ್ನು ಹೇಳಿದೆ. "ನಾವು ಪ್ರಸಾದ ಕಣ್ಣಿಗೆ ಒತ್ತಿಕೊಳ್ತೀವಲ್ಲ" ಅಂದರು. ಸೆನ್ಸೇಗೆ ಅದನ್ನು ಜಪಾನಿಯಲ್ಲಿ ಹೇಳುವಷ್ಟು ಪದ ನನ್ನ ಹತ್ತಿರ ಇರಲಿಲ್ಲ. ಅತ್ತೆಯೇ ಎರಡೂ ಕೈ ಎತ್ತಿ ಕಣ್ಣಿಗೆ ಒತ್ತಿ ತೋರಿಸಿದರು.