ನೀಲಿ ಚೀಟಿಯಿಲ್ಲದ ಬೀಜ

ಮುಂಗಾರು ಹತ್ತಿರವಾಗುತ್ತಿದ್ದಂತೆ ದಾವಣಗೆರೆಯಲ್ಲಿ ಎರಡು ಬಗೆಯ ಬೀಜಗಳ ವಹಿವಾಟು ಬಿರುಸಾಗುತ್ತದೆ. ಒಂದು ಮೆಕ್ಕೆಜೋಳದ ಬೀಜ. ಇನ್ನೊಂದು, ಊರ ಹೊರವಲಯದಲ್ಲಿ ಪೆಂಡಾಲು ಹಾಕಿ, ಬಿಳಿ ಸೂಟು ತೊಟ್ಟ ದೇವಸೇವಕರ ನಗುಮುಖವನ್ನು ಆಳೆತ್ತರದ ಫ್ಲೆಕ್ಸುಗಳಲ್ಲಿ ತೂಗುಹಾಕಿ, ಕ್ರೈಸ್ತರ ಆಶೀರ್ವಾದ ಸಭೆಗಳಲ್ಲಿ ಸಂಗ್ರಹಿಸಲಾಗುವ ‘ವಿಶ್ವಾಸದ ಬೀಜ’. ಎರಡನೆಯದಕ್ಕೆ ಹೊಲ ಬೇಡ, ಹದ ಮಳೆ ಬೇಡ, ಯೂರಿಯಾಕ್ಕಾಗಿ ಬೆಳಗಿನಿಂದ ಸರತಿ ನಿಲ್ಲುವ ಕಷ್ಟವೂ ಇಲ್ಲ. ಕಾಣಿಕೆ ಚೀಲಕ್ಕೆ ಸಾವಿರ ರೂಪಾಯಿ ಹಾಕಿದರೆ, ಅಥವಾ ಕುರ್ಚಿಯ ಬೆನ್ನಿಗೆ ಅಂಟಿಸಿದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ, ನೂರರಷ್ಟು ಫಲ ಖಚಿತವೆಂದು ವೇದಿಕೆಯಿಂದ ಘೋಷಣೆಯಾಗುತ್ತದೆ. ನಮ್ಮ ಎಪಿಎಂಸಿಯ ಅತ್ಯಂತ ಉತ್ಸಾಹಿ ದಲಾಲರೂ ಇಂಥ ಇಳುವರಿಯ ಮಾತನ್ನು ಬಾಯಿಬಿಟ್ಟು ಆಡಲಾರರು.

ಪಾಪ, ಮೆಕ್ಕೆಜೋಳದ ಬೀಜಕ್ಕೆ ಕಟ್ಟುಪಾಡು ಬಹಳ. 1966ರ ಬೀಜ ಕಾಯ್ದೆ ಅದರ ಬೆನ್ನಿಗಿದೆ. ಚೀಲದ ಮೇಲೆ ತಳಿಯ ಹೆಸರು, ಲಾಟ್ ಸಂಖ್ಯೆ, ಮೊಳಕೆಯ ಪ್ರಮಾಣ, ಅವಧಿ ಎಲ್ಲವನ್ನೂ ನಮೂದಿಸಬೇಕು. ಪ್ರಮಾಣಿತ ಬೀಜವಾದರೆ ನೀಲಿ ಚೀಟಿ ಹೊಲಿದಿರಬೇಕು. ಮೊಳೆಯದಿದ್ದರೆ ರೈತನು ಖಾಲಿ ಚೀಲವನ್ನೂ ರಸೀದಿಯನ್ನೂ ಹಿಡಿದು ಕೃಷಿ ಇಲಾಖೆಗೆ ಹೋಗಬಹುದು. ಬೀಜ ಕೊಂಡ ರೈತನೂ ಗ್ರಾಹಕನೇ ಎಂದು ಸುಪ್ರೀಂ ಕೋರ್ಟು 2012ರಲ್ಲಿ ಹೇಳಿರುವುದರಿಂದ, ಗ್ರಾಹಕರ ಆಯೋಗದ ಮೆಟ್ಟಿಲನ್ನೂ ಏರಬಹುದು. ವಿಶ್ವಾಸದ ಬೀಜಕ್ಕೆ ಇಂಥ ತಲೆನೋವುಗಳಿಲ್ಲ. ಅದು ಮೊಳೆಯದಿದ್ದರೆ ತಪ್ಪು ಯಾವಾಗಲೂ ನೆಲದ್ದೇ. “ನಿಮ್ಮಲ್ಲಿ ವಿಶ್ವಾಸ ಸಾಲದು, ಗುಪ್ತ ಪಾಪವೇನಾದರೂ ಉಳಿದಿರಬೇಕು, ಇನ್ನೊಂದು ಬೀಜ ಬಿತ್ತಿ ನೋಡಿರಿ” ಎಂಬ ಉತ್ತರ ಸಿದ್ಧವಾಗಿರುತ್ತದೆ. ಬೀಜ ಕಂಪನಿಗಳವರಿಗೆ ಈ ವಿದ್ಯೆ ಇನ್ನೂ ತಿಳಿದಿಲ್ಲವೆಂಬುದೇ ರೈತರ ಪುಣ್ಯ.

ಈ ತಳಿ ನಮ್ಮ ನೆಲದ್ದಲ್ಲ. ಕಳೆದ ಶತಮಾನದಲ್ಲಿ ಅಮೆರಿಕದ ಒರಲ್ ರಾಬರ್ಟ್ಸ್ ಮುಂತಾದ ಪ್ರಸಂಗಿಗಳು ಟೆಲಿವಿಷನ್ನಿನಲ್ಲಿ ಇದನ್ನು ಪ್ರಚಾರಕ್ಕೆ ತಂದರು. ಇಲ್ಲಿನ ಹವಾಗುಣಕ್ಕೆ ಅದು ಎಷ್ಟು ಚೆನ್ನಾಗಿ ಒಗ್ಗಿದೆಯೆಂದರೆ, ಅದು ಬೆತ್ಲೆಹೇಮಿನಿಂದಲೇ ನೇರವಾಗಿ ಬಂದದ್ದೆಂದು ನಮ್ಮ ಸಭೆಯ, ಅಂದರೆ ಚರ್ಚಿನ, ಹಿರಿಯರೂ ನಂಬಿದ್ದಾರೆ.

ನೂರರಷ್ಟು ಎಂಬ ಮಾತು ಸತ್ಯವೇದದಲ್ಲಿ, ಅಂದರೆ ಬೈಬಲ್ಲಿನಲ್ಲಿ, ಇರುವುದೇನೋ ನಿಜ. ಮಾರ್ಕನ ಸುವಾರ್ತೆಯ 10ನೆಯ ಅಧ್ಯಾಯವನ್ನು ತೆರೆದರೆ ಸಿಗುತ್ತದೆ. ಆದರೆ ಅದಕ್ಕೆ ಸ್ವಲ್ಪ ಮುಂಚೆ, ಆಸ್ತಿವಂತನೊಬ್ಬನು ನಿತ್ಯಜೀವದ ದಾರಿ ಕೇಳಿ ಬಂದಾಗ, ಇರುವುದನ್ನೆಲ್ಲ ಮಾರಿ ಬಡವರಿಗೆ ಕೊಡೆಂದು ಯೇಸು ಹೇಳಿ, ಆತನು ಮುಖ ಸಣ್ಣದು ಮಾಡಿಕೊಂಡು ಹೊರಟುಹೋದ ಪ್ರಸಂಗವಿದೆ. ಐಶ್ವರ್ಯವಂತನು ದೇವರ ರಾಜ್ಯ ಸೇರುವುದಕ್ಕಿಂತ ಒಂಟೆ ಸೂಜಿಯ ಕಣ್ಣಿನಲ್ಲಿ ನುಗ್ಗುವುದೇ ಸುಲಭವೆಂಬ ಮಾತು ಬರುವುದೂ ಅಲ್ಲಿಯೇ. ಎಲ್ಲವನ್ನೂ ಬಿಟ್ಟು ಬಂದ ಶಿಷ್ಯರಿಗೆ ನೂರರಷ್ಟು ದೊರೆಯುವುದೆಂದು ಹೇಳುವಾಗಲೂ ಯೇಸು ‘ಹಿಂಸೆಗಳೊಂದಿಗೆ’ ಎಂದು ಸೇರಿಸಿದ್ದಾನೆ. ಫ್ಲೆಕ್ಸಿನಲ್ಲಿ ಆ ಒಂದು ಪದ ಇರಬೇಕಾದ ಜಾಗದಲ್ಲಿ ಮುದ್ರಕರ ಮೊಬೈಲ್ ನಂಬರು ಬಂದಿದೆ. ಇನ್ನು ಯೇಸು ಹೇಳಿದ ಬಿತ್ತುವವನ ಸಾಮ್ಯವನ್ನು, ಅಂದರೆ ದೃಷ್ಟಾಂತ ಕಥೆಯನ್ನು, ಎತ್ತದಿರುವುದೇ ಆಯೋಜಕರಿಗೆ ಕ್ಷೇಮ. ಮತ್ತಾಯನ 13ನೆಯ ಅಧ್ಯಾಯದ ಆ ಸಾಮ್ಯದಲ್ಲಿ ಬೀಜವೆಂದರೆ ದೇವರ ವಾಕ್ಯ, ಆ ಬೀಜವನ್ನು ಮೇಲೇಳಗೊಡದೆ ಅಡಗಿಸುವ ಮುಳ್ಳುಗಿಡವೆಂದರೆ ಪ್ರಪಂಚದ ಚಿಂತೆ ಮತ್ತು ಐಶ್ವರ್ಯದ ಮೋಸ. ಯೇಸು ಕಳೆಯೆಂದು ಗುರುತಿಸಿದ್ದನ್ನೇ ನಾವು ಸಾಲುಹಿಡಿದು ಬಿತ್ತಿ, ಗೊಬ್ಬರ ಹಾಕಿ, ಸುಗ್ಗಿಗೆ ಕಾಯುತ್ತಿದ್ದೇವೆ.

ಆಸನ ವ್ಯವಸ್ಥೆಯಲ್ಲಿ ಮಾತ್ರ ಸ್ವಯಂಸೇವಕರು ಬೈಬಲ್ಲಿನ ಯಾಕೋಬನ ಪತ್ರಿಕೆಯ 2ನೆಯ ಅಧ್ಯಾಯವನ್ನು ಚಾಚೂ ತಪ್ಪದೆ ಪಾಲಿಸುತ್ತಾರೆ. ಚಿನ್ನದ ಉಂಗುರ ತೊಟ್ಟು ಬಂದವನಿಗೆ ಒಳ್ಳೆಯ ಪೀಠ, ಕೊಳಕು ಬಟ್ಟೆಯ ಬಡವನಿಗೆ ಕಾಲಬಳಿಯ ಜಾಗ ಎಂದು ಅಲ್ಲಿ ಬರೆದಿರುವಂತೆಯೇ, ಇಲ್ಲಿ ಮುಂದಿನ ಸಾಲಿಗೆ ಸೋಫಾ, ಶಾಲು ಮತ್ತು ಬಾಟಲಿ ನೀರು, ಹಿಂದಿನವರಿಗೆ ಜಮಖಾನೆ. ಯಾಕೋಬನು ಅದನ್ನು ಬರೆದದ್ದು ಬೈಯಲಿಕ್ಕೆ ಎಂಬುದನ್ನು ಯಾರೂ ಅವರಿಗೆ ತಿಳಿಸಿದಂತಿಲ್ಲ. ಆ ಜಮಖಾನೆಯ ಮೇಲೆ ಕುಳಿತ, ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಅಜ್ಜಿಯೊಬ್ಬರು ಸೆರಗಿನ ಗಂಟು ಬಿಚ್ಚಿ, ನಾಲ್ಕು ಮಡಿಕೆಯಾದ ಐವತ್ತರ ನೋಟನ್ನು ಮಂಡಿಯ ಮೇಲಿಟ್ಟು ಅಂಗೈಯಿಂದ ಇಸ್ತ್ರಿ ಮಾಡಿದಂತೆ ತೀಡಿ ಚೀಲಕ್ಕೆ ಹಾಕುವಾಗ, ವೇದಿಕೆಯಿಂದ ತನ್ನಲ್ಲಿದ್ದ ಎರಡು ಕಾಸನ್ನೂ ಕಾಣಿಕೆಗೆ ಹಾಕಿದ ಬಡ ವಿಧವೆಯ ಕಥೆಯೂ ತಪ್ಪದೆ ಕೇಳಿಬರುತ್ತದೆ. ವಿಧವೆಯರ ಮನೆಗಳನ್ನು ನುಂಗುವ ಧರ್ಮಶಾಸ್ತ್ರಿಗಳ ಬಗ್ಗೆ ಎಚ್ಚರಿಕೆಯಿಂದಿರಿ ಎಂಬ ಯೇಸುವಿನ ಮಾತು ಅದೇ ಕಥೆಯ ಹಿಂದಿನ ವಾಕ್ಯದಲ್ಲಿದೆ. ಸಮಯದ ಅಭಾವದಿಂದ ಅದನ್ನು ಓದುವುದಿಲ್ಲ.

ಕಾಣಿಕೆಯ ನಂತರ ಸಾಕ್ಷಿಗಳ ಸಮಯ. ಒಬ್ಬರಿಗೆ ಕಾರು ಬಂತು, ಒಬ್ಬರಿಗೆ ಸೈಟು ಆಯಿತು, ಇನ್ನೊಬ್ಬರ ಮಗನಿಗೆ ಕೆನಡಾದ ವೀಸಾ ಸಿಕ್ಕಿತು. ಕೋಪ ಬಿಟ್ಟೆನೆಂದೋ, ಅಣ್ಣತಮ್ಮಂದಿರ ಜಮೀನಿನ ವ್ಯಾಜ್ಯವನ್ನು ರಾಜಿ ಮಾಡಿಕೊಂಡೆನೆಂದೋ ಹೇಳುವವರಿಗೆ ಮೈಕು ತಲಪುವಷ್ಟರಲ್ಲಿ ಜನರೇಟರಿನ ಡೀಸೆಲ್ ಮುಗಿದಿರುತ್ತದೆ. ಬಿತ್ತಿ ವರ್ಷಗಳಾದರೂ ಏನೂ ಮೊಳೆಯದವರಿಗೂ ಐದು ನಿಮಿಷ ಕೊಡಬಹುದಲ್ಲವೇ ಎಂದು ನಮ್ಮ ಸಭೆಯ ಕೆಲವರು ಆಯೋಜಕರನ್ನು ವಿನಯದಿಂದಲೇ ಕೇಳಿದರು. ಅಂಥವರ ಸಂಖ್ಯೆ ಹೆಚ್ಚಿರುವುದರಿಂದ ಅದಕ್ಕೆ ಪ್ರತ್ಯೇಕ ಮಹಾಸಭೆಯನ್ನೇ ಏರ್ಪಡಿಸಬೇಕಾಗುವುದೆಂದೂ, ಅದರ ಖರ್ಚಿಗೆ ಮೊದಲು ಎಲ್ಲರೂ ಒಂದೊಂದು ಬೀಜ ಬಿತ್ತಬೇಕೆಂದೂ ಉತ್ತರ ಬಂದಿದೆ.