ನಾಲ್ಕು ಗಂಟೆಯಲ್ಲಿ ಪ್ಯಾರಿಸ್

ಮೊನ್ನೆ ಒಂದು ಲೇಖನ ಕಣ್ಣಿಗೆ ಬಿತ್ತು. ಆಫೀಸ್ ಕೆಲಸಕ್ಕೆ ಹೋದಾಗ ನಾಲ್ಕೇ ಗಂಟೆಯಲ್ಲಿ ಪ್ಯಾರಿಸ್ ನೋಡಿ ಮುಗಿಸುವುದು ಹೇಗೆ ಅಂತ. ನೀವೂ ಓದಿರುತ್ತೀರಿ, ಊರಿನ ಹೆಸರು ಮಾತ್ರ ಬೇರೆ ಇದ್ದೀತು. ಇಂಥ ಕದ್ದ ತಿರುಗಾಟಕ್ಕೆ ಈಗ 'ಬ್ಲೆಷರ್' ಅನ್ನೋ ಹೆಸರೂ ಇದೆ. ಬಿಸಿನೆಸ್ಸಿನ ತಲೆ, ಲೆಷರಿನ ಅಂದರೆ ಬಿಡುವಿನ ಬಾಲ. ನನಗಂತೂ ಹುಳುಕಡ್ಡಿಗೆ ಹಚ್ಚುವ ಮುಲಾಮಿನ ಹೆಸರಿನ ಹಾಗೆ ಕೇಳಿಸಿತು.

ಬರೆದ ಪುಣ್ಯಾತ್ಮರು 9ಕ್ಕೆ ಐಫೆಲ್ ಟವರ್, 10ಕ್ಕೆ ಸೇನ್ ನದಿಯಲ್ಲಿ ದೋಣಿ, 11ಕ್ಕೆ ಲೂವ್ರ್ ಮ್ಯೂಸಿಯಂ ಅಂತ ಬರೆದು, ನಡುವೆ 'ಕೆಫೆಯಲ್ಲಿ ಆರಾಮಾಗಿ ಕೂತು ಊರನ್ನು ಸವಿಯಿರಿ' ಅಂದಿದ್ದಾರೆ. ಆರಾಮಿಗೆ ಸಿಕ್ಕಿದ್ದು ಹನ್ನೆರಡು ನಿಮಿಷ.

ನಾನೂ ಎರಡು ದಿನದ ಮೀಟಿಂಗಿಗೆ ಅಲ್ಲಿಗೆ ಹೋಗಿದ್ದೆ. ಇಳಿದ ಮಧ್ಯಾಹ್ನ ಸ್ವಲ್ಪ ಬಿಡುವಿತ್ತು, ನಿದ್ದೆಗಣ್ಣಲ್ಲೇ ಲೂವ್ರಿಗೆ ಓಡಿದೆ. ಮಂಗಳವಾರ ಅದಕ್ಕೆ ರಜೆ. ಅವರ ತಪ್ಪಲ್ಲ, ನೋಡಿಕೊಳ್ಳಬೇಕಿತ್ತು. ಗಾಜಿನ ಪಿರಮಿಡ್ಡಿನ ಹೊರಗೆ ನಿಂತು ಒಂದು ಫೋಟೋ ತೆಗೆಸಿಕೊಂಡೆ. ಕುತ್ತಿಗೆಯಲ್ಲಿ ಆಫೀಸಿನ ಐಡಿ ಕಾರ್ಡ್ ಹಾಗೇ ನೇತಾಡುತ್ತಿದೆ.

ಬುಧವಾರ ರಾತ್ರಿ 9ರವರೆಗೆ ತೆರೆದಿರುತ್ತದೆ ಅಂತ ಗೊತ್ತಾಯಿತು. 4ಕ್ಕೆ ಮುಗಿಯಬೇಕಿದ್ದ ಮೀಟಿಂಗಿನಲ್ಲಿ ಒಬ್ಬರಿಗೆ 'ಕೊನೆಯದಾಗಿ ಒಂದು ಪ್ರಶ್ನೆ' ಹುಟ್ಟಿತು. ಅದಕ್ಕೆ ಮರಿಗಳೂ ಆದವು. ನಾನು ಒಳಗೆ ಹೋಗುವಾಗ ಏಳೂವರೆ. ಅಲ್ಲಿ ಪ್ರದರ್ಶನಕ್ಕಿಟ್ಟಿರುವುದು ಸುಮಾರು 35,000 ವಸ್ತು. ಒಂದೊಂದಕ್ಕೆ ಒಂದೇ ಸೆಕೆಂಡ್ ಅಂದರೂ ಹತ್ತಿರ ಹತ್ತಿರ ಹತ್ತು ಗಂಟೆ ಬೇಕು. ಇದ್ದದ್ದು ಒಂದೂವರೆ. ಹಾಗಾಗಿ ಎಲ್ಲರ ಹಾಗೆ ನೇರ ಮೋನಾ ಲೀಸಾ ಹತ್ತಿರ.

77 ಸೆಂಟಿಮೀಟರ್ ಎತ್ತರ, 53 ಅಗಲದ ಚಿತ್ರ, ಮುಂದೆ ದಪ್ಪ ಗಾಜು, ಅದರ ಮುಂದೆ ಎತ್ತಿ ಹಿಡಿದ ಫೋನುಗಳ ಕಾಡು. ನಾನು ಲೀಸಾಳನ್ನು ನೋಡಿದ್ದು ಮುಂದಿದ್ದ ಎತ್ತರದ ಮನುಷ್ಯನ ಫೋನಿನಲ್ಲಿ, ಅದರ ಸ್ಕ್ರೀನು ಬೇರೆ ಒಡೆದಿತ್ತು. ಸರಿಯಾಗಿ ಅವಳ ನಗುವಿನ ಮೇಲೆ ಒಂದು ಗೀರು. ಆ ಕೋಣೆಯ ಎದುರು ಗೋಡೆಯಲ್ಲಿ ವೆರೊನೀಸ್ ಬರೆದ ಕಾನಾ ಊರಿನ ಮದುವೆ ಊಟದ ಚಿತ್ರವಿದೆ. ಹತ್ತಿರ ಹತ್ತಿರ ಹತ್ತು ಮೀಟರ್ ಅಗಲ, ಲೂವ್ರಿನಲ್ಲೇ ಎಲ್ಲಕ್ಕಿಂತ ದೊಡ್ಡದು. ಇಡೀ ಕೋಣೆ ಅದಕ್ಕೆ ಬೆನ್ನು ಹಾಕಿ ನಿಂತಿತ್ತು. ಪಾಪ, ಮದುವೆಗೆ ಕರೆದರೂ ಯಾರೂ ಬರಲಿಲ್ಲ.

ಲೂವ್ರನ್ನು ಬೇಗ ಮುಗಿಸುವ ಕಲೆ ಕಲಿಯಬೇಕಾದ್ದು 2025ರ ಅಕ್ಟೋಬರ್ 19ರಂದು ಬಂದವರಿಂದ. ಭಾನುವಾರ ಬೆಳಿಗ್ಗೆ, ಸಾಮಾನು ಏರಿಸುವ ಲಿಫ್ಟಿದ್ದ ಲಾರಿ ತಂದು, ಕಿಟಕಿಯಿಂದ ಅಪೊಲೊ ಗ್ಯಾಲರಿಗೆ ನುಗ್ಗಿ, ಎಂಟು ಒಡವೆ ಎತ್ತಿಕೊಂಡು, ಎಂಟು ನಿಮಿಷದೊಳಗೆ ಜಾಗ ಖಾಲಿ. ಕ್ಯೂ ಇಲ್ಲ, ಸೆಲ್ಫಿ ಇಲ್ಲ. ಅವರೂ ಕೆಲಸದ ಮೇಲೆ ಬಂದವರೇ ಅಲ್ವಾ? ಗಡಿಬಿಡಿಯಲ್ಲಿ ರಾಣಿಯ ಕಿರೀಟವೊಂದನ್ನು ಬೀಳಿಸಿ ಹೋದರಂತೆ. ನಾನು ಹೋಟೆಲಿನಲ್ಲಿ ಚಾರ್ಜರ್ ಬಿಟ್ಟು ಬಂದೆ.

ತಮಾಷೆ ಸಾಕು. ನನಗೆ ನಿಜವಾಗಿ ಸಿಟ್ಟು ಬರುವುದು ಬೇರೆ ಕಡೆ. ಮನುಷ್ಯನನ್ನು ಅಷ್ಟು ದೂರ ವಿಮಾನದಲ್ಲಿ ಕೂರಿಸಿ ಕಳಿಸ್ತಾರೆ. ಕಿಟಕಿಯಿಲ್ಲದ ರೂಮಿನಲ್ಲಿ ಅರವತ್ತು ಸ್ಲೈಡ್ ತೋರಿಸ್ತಾರೆ, ಎಲ್ಲವೂ ಮೊದಲೇ ಮೇಲ್‌ನಲ್ಲಿ ಬಂದಿದ್ದವೇ. ಇನ್ನೊಂದು ದಿನ ಇರ್ತೀನಿ, ನನ್ನದೇ ರಜೆ, ನನ್ನದೇ ದುಡ್ಡು ಅಂದರೆ, ಏನೋ ಕದಿಯೋಕೆ ಹೊರಟವನ ಹಾಗೆ ನೋಡ್ತಾರೆ. ಮೂರು ಜನರ ಸಹಿ ಬೇಕಂತೆ. ಸಾಕಾಗಿ ಹೋಗಿದೆ.

ಹೋಟೆಲಿಗೆ ವಾಪಸ್ ಹೋಗುವಾಗ ಟ್ಯಾಕ್ಸಿಯಿಂದ ಐಫೆಲ್ ಟವರ್ ಕಂಡಿತು. ಕತ್ತಲಾದ ಮೇಲೆ ಗಂಟೆಗೊಮ್ಮೆ ಐದು ನಿಮಿಷ ಅದರ ತುಂಬ ದೀಪ ಮಿನುಗುತ್ತವೆ. ಸರಿಯಾಗಿ 10 ಗಂಟೆ. ಫೋನ್ ಬಂತು. 'ಫ್ರೀ ಇದೀರಾ? ಐದೇ ನಿಮಿಷ' ಅಂದರು ಬಾಸ್. ಹೇಳಿ ಸಾರ್ ಅಂತ ಲ್ಯಾಪ್‌ಟಾಪ್ ಬಿಚ್ಚಿದೆ. ತಲೆ ಎತ್ತಿದಾಗ ಎದುರಿಗಿದ್ದದ್ದು ಒಂದು ಪೆಟ್ರೋಲ್ ಬಂಕು.