ವೋಡ್ಕಾ ಹನಿಗಳಲ್ಲಿ ಹೋದ ಮೆಸೇಜು

ಮೊನ್ನೆ ಕ್ಲಾಸಿನಲ್ಲಿ, ವೋಡ್ಕಾ ಸಿಂಪಡಿಸಿ ಎರಡು ಪದದ ಮೆಸೇಜು ಕಳಿಸಿದ ಆಂಡ್ರೂ ಎಕ್‌ಫರ್ಡ್ ಬಗ್ಗೆ ಹೇಳುತ್ತಿದ್ದೆ. "ಎರಡು ಪದ ಕಳಿಸೋಕೆ ಇಷ್ಟೆಲ್ಲ ಯಾಕೆ ಸಾರ್? ವಾಟ್ಸಾಪ್ ಇದೆಯಲ್ಲ" ಅಂದ ಒಬ್ಬ ಹುಡುಗ. ಎಲ್ಲರೂ ನಕ್ಕರು. ಅವನ ಮೇಲೆ ಬೇಸರವಿಲ್ಲ, ಕೇಳಬೇಕಾದ ಪ್ರಶ್ನೆಯೇ ಅದು. ಉತ್ತರ ಮುಗಿಯುವ ಮುಂಚೆ ಬೆಲ್ ಹೊಡೆಯಿತು. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಎಕ್‌ಫರ್ಡ್ ಕೆನಡಾದ ಯಾರ್ಕ್ ವಿಶ್ವವಿದ್ಯಾಲಯದ ಪ್ರೊಫೆಸರ್. ಓದಿದ್ದು ಎಲೆಕ್ಟ್ರಿಕಲ್, 2004ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದಿಂದ ಪಿಎಚ್‌ಡಿ. ವೈರ್‌ಲೆಸ್‌ನಲ್ಲೇ ಮುಂದುವರಿದಿದ್ದರೆ ದಾರಿ ಸಲೀಸಾಗಿತ್ತು. ಆದರೆ 2007ರ ಹೊತ್ತಿಗೆ ಬೇರೆಯದೇ ಪ್ರಶ್ನೆ ಹಿಡಿದು ಕೂತಿದ್ದರು. ತಂತಿ ಇಲ್ಲ, ಆಂಟೆನಾ ಇಲ್ಲ. ದಿಕ್ಕುದೆಸೆಯಿಲ್ಲದೆ ಅಲೆಯುವ ಅಣುಗಳಷ್ಟೇ ಇವೆ. ಅವುಗಳಲ್ಲೇ ಸುದ್ದಿ ಕಳಿಸುವುದು ಹೇಗೆ?

ಆಗ ಈ ವಿಷಯದಲ್ಲಿ ಇದ್ದದ್ದು ಬಹುಪಾಲು ಕಾಗದದ ಮೇಲಿನ ಲೆಕ್ಕ. 2013ರಲ್ಲಿ ಅವರು, ನರಿಮಾನ್ ಫರ್ಸಾದ್ ಮತ್ತು ವೈಸಿ ಗುವೊ ಸೇರಿ ಅದನ್ನು ಮೇಜಿನ ಮೇಲೆ ತಂದಿಟ್ಟರು. ಒಂದು ಕಡೆ ಸ್ಪ್ರೇ, ಹಿಂದೆ ಫ್ಯಾನು, ಕೆಲವು ಮೀಟರ್ ಆಚೆ ಆಲ್ಕೋಹಾಲ್ ಸೆನ್ಸರ್. ಅಕ್ಷರಗಳನ್ನು ಸೊನ್ನೆ, ಒಂದು ಮಾಡಿ ವೋಡ್ಕಾ ಸಿಂಪಡಿಸಿದರು. ಆ ಕಡೆ 'ಓ ಕೆನಡಾ' ಅಂತ ಓದಿಕೊಂಡರು.

ಇದರಲ್ಲಿ ಕಷ್ಟ ಕಳಿಸುವುದಲ್ಲ. ಕಳಿಸಿದ್ದು ಗಾಳಿಯಿಂದ ಅಳಿಸಿಹೋಗದೇ ಇರುವುದು! ಅಮ್ಮ ಬೆಳ್ಳುಳ್ಳಿ ಒಗ್ಗರಣೆ ಹಾಕಿ, ಅದೇ ಒಲೆಯಲ್ಲಿ ಕಾಫಿಗೆ ನೀರಿಡುತ್ತಾಳೆ. ಡಿಕಾಕ್ಷನ್ ಇಳಿದರೂ ಹಾಲ್‌ನಲ್ಲಿ ಕೂತವರಿಗೆ ಬರುವುದು ಬೆಳ್ಳುಳ್ಳಿ ವಾಸನೆಯೇ. ಹಿಂದಿನ ಅಕ್ಷರ ಇನ್ನೂ ಗಾಳಿಯಲ್ಲಿದೆ, ಹೊಸ ಅಕ್ಷರ ಅದರ ಮೇಲೆ ಬಂದು ಬೀಳುತ್ತದೆ.

ಇನ್ನು ಫ್ಯಾನೂ ಇಲ್ಲ ಅಂದರೆ? ನೀರಿನಲ್ಲಿ ಒಂದು ಸಣ್ಣ ಅಣು ತಾನಾಗಿ ಹರಡಿಕೊಂಡು 10 ಮೈಕ್ರೋಮೀಟರ್ ದಾಟಲು ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು. 1 ಮಿಲಿಮೀಟರ್‌ಗೆ ಸುಮಾರು 8 ನಿಮಿಷ ಬೇಕು. 1 ಸೆಂಟಿಮೀಟರ್‌ಗೆ ಅರ್ಧ ದಿನಕ್ಕಿಂತ ಜಾಸ್ತಿ. ದೂರ ಎರಡರಷ್ಟಾದರೆ ಹೊತ್ತು ನಾಲ್ಕರಷ್ಟು. ಅದಕ್ಕೇ ನಮ್ಮ ದೇಹ ಹಾರ್ಮೋನನ್ನು ರಕ್ತದಲ್ಲಿ ತೇಲಿಬಿಡುತ್ತದೆ, ನರದ ತುದಿಯನ್ನು ಸ್ನಾಯುವಿಗೆ ಅಂಟಿದ ಹಾಗೆ ಇಡುತ್ತದೆ.

ನನಗೆ ಇದು ಬರೀ ಪಾಠವಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಚಿಕ್ಕಪ್ಪ ಹತ್ತಿ ಹೊಲಕ್ಕೆ ಔಷಧಿ ಹೊಡೆದು ಮನೆಗೆ ಬಂದರು. ಮೂಗಿಗೆ ಬಟ್ಟೆ ಕಟ್ಟಿರಲಿಲ್ಲ. ಜಗಲಿ ಮೇಲೆ ಕೂತವರ ಬಾಯಿಂದ ಜೊಲ್ಲು ಸುರಿಯುತ್ತಿತ್ತು, ಅಂಗಿ ಬೆವರಿನಲ್ಲಿ ತೊಯ್ದಿತ್ತು. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು. ತೋಳಿನ ಮಾಂಸ ಚರ್ಮದ ಕೆಳಗೆ ಹುಳ ಹರಿದಾಡಿದ ಹಾಗೆ ಅದುರುತ್ತಿತ್ತು. ಆಸ್ಪತ್ರೆಯಲ್ಲಿ ಅಟ್ರೋಪಿನ್ ಮೇಲೆ ಅಟ್ರೋಪಿನ್ ಕೊಟ್ಟು ಉಳಿಸಿಕೊಂಡರು.

ಆಗಿದ್ದೇನು ಅಂತ ಅರ್ಥವಾಗಿದ್ದು ಎಷ್ಟೋ ವರ್ಷದ ಮೇಲೆ. ನರ ಸ್ನಾಯುವಿಗೆ ಅಸಿಟೈಲ್‌ಕೋಲಿನ್ ಅನ್ನುವ ಅಣು ಕಳಿಸುತ್ತದೆ. ಸುದ್ದಿ ಮುಟ್ಟಿದ ತಕ್ಷಣ ಒಂದು ಕಿಣ್ವ ಅದನ್ನು ಒಡೆದುಹಾಕಬೇಕು. ಒಂದೊಂದು ಕಿಣ್ವವೂ ಸೆಕೆಂಡಿಗೆ ಸಾವಿರಾರು ಅಣುಗಳನ್ನು ಒಡೆಯುತ್ತದೆ. ಆರ್ಗನೋಫಾಸ್ಫೇಟ್ ಕೀಟನಾಶಕ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಹಳೆ ಮಾತು ಅಳಿಸದೆ ಕೂಗುತ್ತಲೇ ಇರುತ್ತದೆ. ಅಟ್ರೋಪಿನ್ ಆ ಅಣುಗಳನ್ನು ಗುಡಿಸುವುದಿಲ್ಲ. ಜೊಲ್ಲುಗ್ರಂಥಿ, ಹೃದಯ, ಶ್ವಾಸನಾಳದಲ್ಲಿ ಕೇಳಿಸಿಕೊಳ್ಳುವ ಕಿವಿಯನ್ನು ಮುಚ್ಚುತ್ತದೆ, ಅಷ್ಟೇ.

ಬೆಳ್ಳುಳ್ಳಿ ವಾಸನೆ, ವೋಡ್ಕಾ ಹನಿ, ಚಿಕ್ಕಪ್ಪನ ತೋಳು, ಎಲ್ಲದರ ಹಿಂದಿರುವುದು ಒಂದೇ ತೊಡಕು. 2014ರಲ್ಲಿ ಆಡಮ್ ನೋಯೆಲ್, ಕರೆನ್ ಚೆಯುಂಗ್, ರಾಬರ್ಟ್ ಶೋಬರ್ ಬರೆದ ಪ್ರಬಂಧದಲ್ಲಿ ಇದೇ ಕಿಣ್ವದ ಉಪಾಯವನ್ನು ಅಣುಸಂವಹನದ, ಅಂದರೆ ಅಣುಗಳಲ್ಲಿ ಸುದ್ದಿ ಕಳಿಸುವ, ಲೆಕ್ಕಕ್ಕೆ ತಂದಿದ್ದಾರೆ. ದಾರಿಯಲ್ಲಿ ಉಳಿದ ಅಣುಗಳನ್ನು ಕಿಣ್ವ ಒಡೆಯಲಿ, ಮುಂದಿನ ಅಕ್ಷರ ಸ್ಪಷ್ಟವಾಗಿ ಕೇಳಲಿ ಅಂತ. ಅದನ್ನು ಓದಿದ ದಿನ ನಾನು ತುಂಬ ಹೊತ್ತು ಸುಮ್ನೆ ಕೂತಿದ್ದೆ. ಔಷಧಿಯನ್ನು ಕ್ಯಾನ್ಸರ್ ಗಡ್ಡೆಯ ಹತ್ತಿರವೇ ಬಿಡುವ ಸಣ್ಣ ಸಾಧನಗಳು ಒಂದಕ್ಕೊಂದು ಮಾತಾಡಬೇಕು ಅಂತ ಈ ಕ್ಷೇತ್ರದವರ ಕನಸು. ಅಲ್ಲೂ ಇದೇ ತೊಡಕು ಎದುರಾಗುತ್ತದೆ.

ಹಿಂದೊಮ್ಮೆ ಇಬ್ಬರು ವಿದ್ಯಾರ್ಥಿಗಳು ಇದನ್ನೇ ಪ್ರಾಜೆಕ್ಟ್ ಮಾಡುತ್ತೇವೆ ಅಂದಾಗ "ನೀವು ಎಲೆಕ್ಟ್ರಾನಿಕ್ಸ್‌ನವರು, ಬಯಾಲಜಿ ನಿಮಗ್ಯಾಕೆ" ಅಂತ ರಿವ್ಯೂನಲ್ಲಿ ವಾಪಸ್ ಕಳಿಸಿದರು. ನಾನೂ ಜಾಸ್ತಿ ವಾದ ಮಾಡಲಿಲ್ಲ. ಈಗಲೂ ಅದು ಚುಚ್ಚುತ್ತದೆ. ಸಿಗ್ನಲ್ ಕಲಿತವನು ನರ ನೋಡಬಾರದು ಅಂತ ಯಾರು ಬರೆದಿಟ್ಟಿದ್ದಾರೆ? ಎಕ್‌ಫರ್ಡ್ ಅವರನ್ನೂ ಹೀಗೇ ವಾಪಸ್ ಕಳಿಸಿದ್ದರೆ ಆ ಮೇಜಿನ ಮೇಲೆ ಏನಿರುತ್ತಿತ್ತು?

ಶನಿವಾರ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್.ಪಿ. ರೋಡಿಗೆ ಹೋಗಿ ಆಲ್ಕೋಹಾಲ್ ಸೆನ್ಸರ್ ತಂದಿದ್ದೇನೆ. ಸ್ಯಾನಿಟೈಸರ್ ಸ್ಪ್ರೇ, ಟೇಬಲ್ ಫ್ಯಾನು ಮನೆಯಲ್ಲೇ ಇವೆ. ವಾಟ್ಸಾಪ್ ಅಂದ ಹುಡುಗನ ಕೈಗೇ ಸ್ಪ್ರೇ ಕೊಡುತ್ತೇನೆ. ಮೊದಲು ಅವನ ಹೆಸರಿನ ಒಂದೇ ಒಂದು ಅಕ್ಷರ ಕಳಿಸಲಿ.